ಫಕ್ಕೀರವ್ವ ಎಸಿ ಬಂದ್ ಮಾಡಿಸಿದ್ದು

ಗುದೈಬಿಯಾದ ಸಭಾಂಗಣಕ್ಕೆ ನನ್ನನ್ನು ಕರೆದದ್ದು
ಹಾಡು ಕೇಳಲು ಅಲ್ಲ.
ಎಸಿ ಗುಂಯ್ಗುಡುತ್ತಿದೆ, ಬೇಗ ಬಾ, ಎಂದಿದ್ದರು.
ಏಣಿ, ಪಾನಾ, ಗ್ಯಾಸಿನ ಸಿಲಿಂಡರು ಹೊತ್ತು
ಹಿಂಬಾಗಿಲಿಂದ ಹೊಕ್ಕರೆ
ಪರದೆಯ ಮರೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ
ಕಾಲು ಮಡಚಿ ಕೂತಿದ್ದಳು ಫಕ್ಕೀರವ್ವ ಹಂಚಿನಾಳ.
ಹಸಿರು ಇಳಕಲ್ ಸೀರೆ, ಅದರ ಮೇಲೆ
ಯಾರದೋ ಗಂಡಸಿನ ಸ್ವೆಟರು.

"ಮಸಿನಿನಾಂವ ನೀನೇನ?" ಅಂದಳು.
"ಇದನ್ನ ಆರಸು. ಥಂಡಿಗೆ ಗಂಟಲಾ ಬಾಗಲಾ ಹಾಕ್ಕೋತೈತಿ."

ಕಮಿಟಿಯವರು ಕೈ ಕೈ ಹಿಸುಕಿಕೊಂಡರು.
ಸೆಪ್ಟೆಂಬರು, ನಾನೂರು ಜನ, ಮುಂದಿನ ಸಾಲಲ್ಲಿ ಸ್ಪಾನ್ಸರರು,
ರೇಷ್ಮೆ, ಸೆಂಟು, ಸಣ್ಣ ಮಕ್ಕಳು.
ಆಕೆ ತಾಳ ಒರೆಸುತ್ತ ಕೂತಳು, ಬೇರೇನೂ ಹೇಳಲಿಲ್ಲ.
ನಾನು ಸ್ವಿಚ್ಚು ಕೆಳಗೆಳೆದೆ.

ಹದಿನಾಲ್ಕು ವರ್ಷ, ಈ ದ್ವೀಪದಲ್ಲಿ
ತಣ್ಣಗೆ ಮಾಡುವುದೇ ನನ್ನ ಕಸುಬು:
ಬ್ಯಾಂಕು, ಮಸೀದಿ, ಮೀನಿನ ಗೋದಾಮು, ಒಮ್ಮೆ ಶವಾಗಾರ.
ಗುಂಯ್ ನಿಂತ ಮೇಲೆ ಕಟ್ಟಡವೊಂದು
ಹೇಗೆ ಉಸಿರಾಡುತ್ತದೆಂದು ಕೇಳಿಯೇ ಇರಲಿಲ್ಲ.
ಬಳೆ, ಕೆಮ್ಮು, ಕುರ್ಚಿಯ ಕಿರುಗು,
ಎಕ್ಸಿಬಿಷನ್ ರಸ್ತೆಯ ದೂರದ ಹಾರ್ನು,

ಆಮೇಲೆ ದಪ್ಪು.

ಮೊದಲೆರಡು ಬೀಸುವ ಪದ.
ಆಕೆ ಜೋಳ ಬೀಸಿದಳು. ಜನ
ಆಮಂತ್ರಣದ ಹಾಳೆ ಮಡಚಿ ಗಾಳಿ ಬೀಸಿಕೊಂಡರು,
ನೋಡನೋಡುತ್ತ ನಾನೂರು ಹಾಳೆ
ಆಕೆಯ ಕಲ್ಲಿನ ಸುತ್ತಿಗೇ ತಿರುಗತೊಡಗಿದವು.

ಆಮೇಲೆ ಮೊಹರಮ್ಮಿನ ಪದ ಎತ್ತಿದಳು.
ನಮ್ಮೂರ ಅಲಾಯಿ ಕುಣಿಯ ಸುತ್ತ
ಗಂಡಸರ ಮೇಳದಲ್ಲಿ ಒಬ್ಬಳೇ ಹೆಂಗಸಾಗಿ
ಈಕೆ ಹಾಡಿದ್ದನ್ನು ಅಪ್ಪನ ಹೆಗಲ ಮೇಲಿಂದ ಕೇಳಿದ್ದೆ.
ಕೇಳಿದ್ದೆನೋ, ಅವ್ವ ಹೇಳೀ ಹೇಳೀ ಕೇಳಿದಂತಾಗಿದೆಯೋ.
ನೀರಿಲ್ಲದ ಬಯಲು, ಡೇರೆಯಲ್ಲಿ ಕೂಸು,
ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹೊಳೆ.
ಆಕೆಯ ಕಾಲ ಬಳಿ ನೀರಿನ ಬಾಟಲಿ
ಮೈಯೆಲ್ಲ ಬೆವತು ನಿಂತಿತ್ತು.
ಮುಟ್ಟಲಿಲ್ಲ.

"ಹುಸೇನಾ" ಎಂದು ಏರಬೇಕಾದಲ್ಲಿ
ದನಿ ಏರಲಿಲ್ಲ, ಒಣ ತೊಗರಿಕಟ್ಟಿಗೆಯಂತೆ ಲಟಕ್ಕೆಂದಿತು.
ದಪ್ಪಿನವನು ಕೈ ತಡೆದ.
ಆಕೆ ನಕ್ಕಳು, ಹಲ್ಲಿಲ್ಲದ ಕಡೆಯಿಂದ:
"ಇಲ್ಲಿ ಮದ್ಲ ಏರತಿದ್ನಿ. ಈಗ ಜಾಗಾ ಬಿಟ್ಟೀನಿ.
ಬೇಕಾದವ್ರು ಏರಕೋರಿ."

ಯಾರೂ ಏರಲಿಲ್ಲ.
ಎರಡನೇ ಸಲ ಅದು ಬಂದಾಗ ಆಕೆ ಬಾಯಿ ತೆರೆದು
ಸುಮ್ಮನೆ ಅಷ್ಟು ಹೊತ್ತು, ಸರಿಯಾಗಿ ಅಷ್ಟೇ ಹೊತ್ತು ನಿಂತು
ಮುಂದಿನ ಸಾಲಿಗೆ ಇಳಿದಳು.
ಏರದೆಯೇ ಇಳಿಯುವುದನ್ನು ನಾನು ನೋಡಿದ್ದು ಅವತ್ತೇ.

ಮೂರನೇ ಸಲ ಬರುವಾಗ ನಾನು ಏಣಿಯ ಮೇಲಿದ್ದೆ,
ಕೈಯಲ್ಲಿ ಬಿಚ್ಚಿದ ಫಿಲ್ಟರು.
ಗಂಟಲಲ್ಲಿ ಏನೋ ಎದ್ದಿತು.
ಧೂಳೂ ಇರಬಹುದು.

ಕೆಲಸದ ಚೀಟಿಯಲ್ಲಿ ಬರೆದೆ:
ಮೆಷಿನ್ ಸರಿಯಿದೆ. ನಿಲುಗಡೆ ಐವತ್ತೆರಡು ನಿಮಿಷ.
ಕಾರಣದ ಮನೆಯಲ್ಲಿ 'ಗಂಟಲು' ಎಂದು ಬರೆದು, ಹೊಡೆದುಹಾಕಿ,
ಮತ್ತೆ ಬರೆದೆ.

ಪರದೆಯ ಹಿಂದೆ ಅರ್ಧ ಬಾಟಲಿ ಒಂದೇ ಉಸುರಿಗೆ ಕುಡಿದು
ಕೇಳಿದಳು: "ಯಾವ ಹೊಳೀ ನೀರ ಇದು?"
ಹೊಳೆಯದಲ್ಲಬೇ, ಸಮುದ್ರದ್ದು, ಉಪ್ಪು ತೆಗೀತಾರ, ಅಂದೆ.
ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.
"ತಗದ ಉಪ್ಪು ಎಲ್ಲಿ ಇಡ್ತಾರ?"

ಹದಿನಾಲ್ಕು ವರ್ಷ ಕುಡಿದಿದ್ದೇನೆ.
ನನಗೆ ಗೊತ್ತಿರಲಿಲ್ಲ.