ತಿಂದಷ್ಟು ದೂರ

ಪಿಂಚಣಿ ಬರುವ ಬ್ಯಾಂಕಿನವರು ಕಾರ್ಡು ಕೊಟ್ಟು ಹೇಳಿದ್ದು ಇಷ್ಟು:
ಪಟ್ಟಿಯಲ್ಲಿರುವ ಹೋಟೆಲಿನಲ್ಲಿ ತಿನ್ನಿ,
ನೂರು ರೂಪಾಯಿಗೆ ಎರಡು ಮೈಲಿ
ನಿಮ್ಮ ಹೆಸರಿಗೆ ಜಮಾ, ವಿಮಾನದಲ್ಲಿ ಖರ್ಚು.
ಶಿವಮೊಗ್ಗಕ್ಕೆಲ್ಲ ಪಟ್ಟಿಯಲ್ಲಿದ್ದದ್ದು ಒಂದೇ ಹೋಟೆಲು,
ದುರ್ಗಿಗುಡಿಯ ತಿರುವಿನಲ್ಲಿ, ಎಸಿ, ಗಾಜಿನ ಬಾಗಿಲು,
ತಳ್ಳಬೇಕೋ ಎಳೆಯಬೇಕೋ ಇವತ್ತಿಗೂ ಗೊತ್ತಾಗದ್ದು.

ಹೊರಗೆ ತಿಂದರೆ ಮೈಲಿಗೆ ಅನ್ನುತ್ತಿದ್ದಳು ನಮ್ಮಜ್ಜಿ.
ಈಗ ಹೊರಗೆ ತಿಂದರೆ ಮೈಲಿ.
ಕೊನೆಯ ‘ಗೆ’ ಎಲ್ಲೋ ಇಳಿದುಹೋಗಿದೆ,
ಯಾವ ಸ್ಟಾಪಿನಲ್ಲೋ, ಟಿಕೆಟ್ಟು ತೆಗೆಸದೆ.

ನಾನು ಕಂಡಕ್ಟರು. ಆಗಿದ್ದೆ ಅನ್ನಬೇಕು.
ಶಿವಮೊಗ್ಗ–ಸಾಗರ, ಮೂವತ್ತೊಂದು ವರ್ಷ,
ಇನಾಯತ್ ಓಡಿಸಿದ, ನಾನು ಹರಿದೆ.
ಹನ್ನೆರಡು ಲಕ್ಷ ಕಿಲೋಮೀಟರು, ಮುಕ್ಕಾಲುಪಾಲು ನಿಂತೇ.
ಅದಕ್ಕೆ ಯಾರೂ ಪಾಯಿಂಟು ಬರೆಯಲಿಲ್ಲ.
ಮೀನಖಂಡದ ನರಗಳು ಮಾತ್ರ
ಹಸಿರು ಶಾಯಿಯಲ್ಲಿ ಬರೆದಿಟ್ಟುಕೊಂಡಿವೆ
ಪ್ರತಿ ತಿರುವನ್ನೂ.

ಹಾಗಾಗಿ ಮೈಲಿಯೆಂದರೆ ನನಗೆ ಅಂಕಿಯಲ್ಲ, ಸ್ಟೇಜು.
ಒಂದು ಬೆಣ್ಣೆ ಮಸಾಲೆ, ಬೈಟೂ ಕಾಫಿ:
ಆಲ್ಕೊಳ ಸರ್ಕಲ್. ಗಾಡಿಕೊಪ್ಪ ಇನ್ನೂ ಮುಂದಿದೆ,
ಕೇಸರಿಬಾತ್ ಹೇಳಿದರೆ ಮುಟ್ಟಬಹುದು,
ಆದರೆ ನನ್ನ ಸಕ್ಕರೆ ಇನ್ನೂರ ಹತ್ತರಲ್ಲಿದೆ.
ಇಬ್ಬರಿಗೆ ಉತ್ತರದ ಊಟ, ಪನ್ನೀರು ಸೇರಿ ಐನೂರ ನಲವತ್ತು:
ಆಯನೂರು. ಇಳಿಯುವವರು ಬೇಗ ಇಳೀರಿ.
ಚೋರಡಿ ದಾಟಿ ಆನಂದಪುರ ಕಾಣಬೇಕಾದರೆ
ಮೂರು ಭಾನುವಾರ ಅಗಿಯಬೇಕು.
ಹೀಗೆ ತಿನ್ನುತ್ತಾ ತಿನ್ನುತ್ತಾ
ಎರಡು ತಾಸಿನ ಸಾಗರಕ್ಕೆ
ಒಂದು ತಿಂಗಳಿಗೆ ತಲುಪಿದೆವು.

‘ವಿಮಾನಕ್ಕೆ ಎಷ್ಟು ಬೇಕು?’ ಬಂಗಾರಮ್ಮ ಕೇಳಿದಳು.
ಕ್ಯಾಶಿನಲ್ಲಿ ಕೂತ ಫ್ಲೇವಿಯಾ ಮೊಬೈಲು ನೋಡಿ ಹೇಳಿದಳು:
ಒಂದು ಸೀಟಿಗೆ ನಾಲ್ಕೂವರೆ ಸಾವಿರ.
ಬಂಗಾರಮ್ಮ ಬೆರಳು ಮಡಚಿದಳು, ಬಿಚ್ಚಿದಳು.
‘ಎರಡೂಕಾಲು ಲಕ್ಷದ ಊಟ.
ಅಷ್ಟು ಉಂಡವರನ್ನು ಎತ್ತುತ್ತದೇನ್ರೀ ಅದು?’

ಎರಡು ವರ್ಷಕ್ಕೆ ಆರುನೂರ ಹನ್ನೆರಡಾಯಿತು.
ಸಾಗರಕ್ಕೆ ಆರು ಸಲ ಹೋಗಿ ಬಂದು
ಏಳನೇ ಸಲ ಹೋಗಿ ಅಲ್ಲೇ ಉಳಿದಷ್ಟು.
ಆಮೇಲೆ ಮಾರ್ಚಿನಲ್ಲಿ ಫ್ಲೇವಿಯಾನೇ ಹೇಳಿದಳು, ಮೆತ್ತಗೆ,
ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ:
‘ನಮ್ಮ ಯಜಮಾನ್ರು ಪಟ್ಟಿಯಿಂದ ಹೊರಗೆ ಬಂದ್ರು ಅಂಕಲ್,
ಮೂವತ್ತೊಂದಕ್ಕೆ ನಿಮ್ಮ ಮೈಲಿ ಸಾಯ್ತದೆ.’

ಸಾಯುತ್ತದಂತೆ.
ಪಾಸಿನ ಅವಧಿ ಒಂದು ದಿನ ಮೀರಿದ್ದಕ್ಕೆ
ಎಷ್ಟು ಕಾಲೇಜು ಹುಡುಗರನ್ನು ಕುಂಸಿಯಲ್ಲಿ ಇಳಿಸಿದ್ದೆ ನಾನು,
ಪರೀಕ್ಷೆಯ ಬೆಳಿಗ್ಗೆ ಸಹ.
ಒಬ್ಬನ ಹೆಸರು ಕೂಡ ನೆನಪಿದೆ.
ಹೇಳುವುದಿಲ್ಲ.

ಉಳಿದ ಮೈಲಿಗೆ ವಸ್ತು ಕೊಡುತ್ತಾರೆ, ಅದಕ್ಕೂ ಒಂದು ಪಟ್ಟಿ:
ಕುತ್ತಿಗೆಗೆ ಸಿಕ್ಕಿಸುವ ದಿಂಬು, ಚಕ್ರದ ಪೆಟ್ಟಿಗೆಗೆ ಬೀಗ,
ಆರುನೂರಕ್ಕೆ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್.
ಬಂಗಾರಮ್ಮ ಅದರ ಮೇಲೆ ಬೆರಳಿಟ್ಟಳು.
ತಿಂದದ್ದು ಮೈಲಿಯಾಗಿ, ಮೈಲಿ ಡಬ್ಬಿಯಾಗಿ
ಕೊರಿಯರಿನಲ್ಲಿ ಬಂತು, ಮುಚ್ಚಳ ಸ್ವಲ್ಪ ನೆಗ್ಗಿತ್ತು.
ಮಿಕ್ಕ ಹನ್ನೆರಡು ಮೈಲಿ ಹೇಳಿದ ದಿನವೇ ಸತ್ತವು,
ಆಯನೂರು ದಾಟಿ, ಕುಂಸಿಗೆ ಮುಂಚೆ.

ನಿನ್ನೆ ಅದರಲ್ಲಿ ಚಿತ್ರಾನ್ನ, ಹುರುಳಿ ಚಟ್ನಿ,
ಕರಿದ ಮಜ್ಜಿಗೆಮೆಣಸು ತುಂಬಿಕೊಂಡು
ಸೋಗಾನೆಗೆ ಹೋದೆವು, ಬೇಲಿಯ ಹೊರಗೆ ಕೂತೆವು.
ಇಳಿಯಿತು ಒಂದು. ಅಭ್ಯಾಸಬಲ, ತಲೆ ಎಣಿಸಿದೆ:
ಐವತ್ತೆಂಟು, ಮೂರು ಹಾಫು.
ಒಬ್ಬರೂ ಚಿಲ್ಲರೆಗೆ ಜಗಳವಾಡದೆ ನಡೆದುಹೋದರು.
ಹೊಸಬರು ಹತ್ತಿದರು. ಬಾಗಿಲು ಬಿತ್ತು.
ಅದು ತಿರುಗಿ, ಗುರುಗುಟ್ಟಿ, ದೂರದ ತುದಿಯಲ್ಲಿ
ಸುಮ್ಮನೆ ನಿಂತೇ ಇತ್ತು,
ಯಾರದೋ ಒಂದು ಮಾತಿಗೆ ಕಾದಂತೆ.
ಬಾಯಲ್ಲಿ ಅನ್ನವಿತ್ತು. ಆದರೂ ಅಂದೆ:
ರೈಟ್.

‘ಉಪ್ಪು ಹಿಡಿದಿದೆಯಾ?’ ಅಂದಳು ಬಂಗಾರಮ್ಮ,
ಮೇಲೆ ನೋಡದೆ.