ಎರಡು ಬೆರಳು ನೀರು

ಎತೇರಿ ಅಜ್ಜಿಗೆ ಬೇಕಿದ್ದದ್ದು ಅಮೃತಶಿಲೆ, ಹಾಲುಬಿಳಿ.
ಒದ್ದೆ ಕಾಲಿಗೆ ಅದು ಬೆಣ್ಣೆ, ಅಂದೆ.
ಒರಟು ಮೈಯ ಬೂದು ಟೈಲ್ಸೊಂದನ್ನು ಅಂಗೈಗಿಟ್ಟೆ.
ಬೆರಳಾಡಿಸಿ ಮುಖ ಸಿಂಡರಿಸಿದಳು: ಬೆಕ್ಕಿನ ನಾಲಗೆ!
ಒಪ್ಪಿದಳು ಆದರೂ. ಎಪ್ಪತ್ತೆರಡು,
ಮುರಿದ ಸೊಂಟ ಮತ್ತೆ ಕೂಡುವ ವಯಸ್ಸಲ್ಲ.

ತಬಿಲಿಸಿಯ ಹಳೆ ಸೋವಿಯತ್ ಕಟ್ಟಡ, ನಾಲ್ಕನೇ ಮಹಡಿ.
ನೆಲ ಕಿತ್ತರೆ ಅಡಿಯಲ್ಲಿ ಪುಡಿಪುಡಿ ಟಾರುಕಾಗದ,
ಒಂದು ವೋಡ್ಕಾ ಮುಚ್ಚಳ,
ನನ್ನಂಥವನೇ ಯಾವನೋ ಒಬ್ಬನ ಆತುರ.
ಹನ್ನೊಂದು ವರ್ಷ ಅಲ್ಲಿಂದಲೇ
ಕೆಳಮನೆ ಗುರಾಮಿಯ ಚಾವಣಿಗೆ ನೀರು ಇಳಿದದ್ದು,
ಅವರಿಬ್ಬರ ಮಾತು ಒಣಗಿದ್ದು.

ರಸಮಟ್ಟವಿಟ್ಟು ವಾಟ ಕೊಟ್ಟೆ.
ಮೂಲೆಮೂಲೆಗೆ ಪಟ್ಟಿ, ಕೊಳವೆಯ ಕೊರಳಿಗೆ ಎರಡು ಸುತ್ತು.
ಹಸಿರು ರಬ್ಬರು ಬಣ್ಣ ಒಮ್ಮೆ ಅಡ್ಡ,
ಒಣಗಿದ ಮೇಲೆ ಒಮ್ಮೆ ಉದ್ದ.
"ಎಷ್ಟು ಚೆಂದ, ಹೀಗೇ ಬಿಡೋ ಮಲ್ಖಾಜ್."
ಮುಚ್ಚಿಹೋಗುವುದಕ್ಕೇ ಅಜ್ಜಿ, ಹೆಚ್ಚು ಕೂಲಿ.

ಆಮೇಲೆ ಕಂಡಿಗೆ ಬಿರಡೆ ಜಡಿದು
ಎರಡು ಬೆರಳು ನೀರು ನಿಲ್ಲಿಸಿದೆ,
ಒಂದು ಹಗಲು, ಒಂದು ರಾತ್ರಿ.
ಮೇಲೆ ಅವಳು, ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು.
ಕೆಳಗೆ ಅವನು, ಟಾರ್ಚು ಹಿಡಿದು
ಕತ್ತು ನೋಯುವ ತನಕ.
ನಡುವೆ ಒಂದು ಗೇಣು ಕಾಂಕ್ರೀಟು,
ನಾನು ಬಳಿದ ಎರಡು ಪದರ.

ಬೆಳಗ್ಗೆ ಬಂದು ಬಾಗಿಲು ಬಡಿದ.
"ಏನೂ ಇಲ್ಲ," ಅಂದ,
ದನಿಯಲ್ಲಿ ಚೂರು ನಿರಾಸೆ.
ಹನ್ನೊಂದು ವರ್ಷದ ದೂರು, ಇನ್ನೆಲ್ಲಿ ಇಡುವುದು?
"ಚಪ್ಪಲಿ ಬಿಟ್ಟು ಬಾ," ಅಂದಳು ಅಜ್ಜಿ.

ಬಿರಡೆ ಎತ್ತಿದೆ.
ನೀರು ವಾಟ ಹಿಡಿದು ಗೊಣಗುತ್ತ ಹೋಯಿತು.
ಟೈಲ್ಸು ನಾಳೆ. ಅಂಟು ಇನ್ನೂ ಕಲಸಿಲ್ಲ.