ಮಂಗಳವಾರ, ಅರ್ಧ ಶಟರ್

ಮಂಗಳವಾರ ಸಾಗರದಲ್ಲಿ ಕತ್ತರಿಗಳಿಗೆ ರಜೆ.
ಆದರೂ ಸಂಜೆ ನಾಲ್ಕಕ್ಕೆ ಅರ್ಧ ಶಟರ್ ಎತ್ತಿಡುತ್ತೇನೆ.
ಫ್ಯಾನಿಲ್ಲ, ರೇಡಿಯೋ ಇಲ್ಲ, ಪೌಡರ್ ಡಬ್ಬಿ ಒಳಗೆ.
ಅನೀಸ್ ಬಗ್ಗಿ ಬರುತ್ತಾನೆ, ಹತ್ತೊಂಬತ್ತರ ಹುಡುಗ,
ತನ್ನದೇ ಟವೆಲ್ಲು, ತನ್ನದೇ ಹಸಿರು ಬಾಚಣಿಗೆ.

ಕುರ್ಚಿಯನ್ನು ಕನ್ನಡಿಗೆ ಬೆನ್ನಾಗಿ ತಿರುಗಿಸಿ ಕೂರುತ್ತಾನೆ.
ನಾನು ಕತ್ತರಿ ಕೊಡುತ್ತೇನೆ;
ಅಂಗೈಯಲ್ಲಿ ಅದರ ತಂಪು ನೋಡಿ ವಾಪಸ್ ಕೊಟ್ಟರೆ
ಶುರು ಅಂತ ಅರ್ಥ.
ಕೈ ಎತ್ತಿದರೆ ನಿಲ್ಲಬೇಕು.
ಮೊದಲ ವಾರ ಏಳು ಕಚಕ್, ಅಷ್ಟೇ.
ಆ ಅರ್ಧ ತಲೆಯಲ್ಲೇ ಮಾರ್ಕೆಟ್ ರಸ್ತೆ ದಾಟಿ ಹೋದ.
ನಕ್ಕವರು ನಕ್ಕರು.

ಎಂಟು ವರ್ಷದವನಿದ್ದಾಗ
ಮೂರು ಜನ ಅದುಮಿ ಹಿಡಿದಿದ್ದರು. ಮಶೀನು ಓಡಿಸಿದವನು ನಾನೇ,
'ಈಗ ಮುಗೀತು, ಈಗ ಮುಗೀತು' ಅಂತ ಸುಳ್ಳು ಹೇಳುತ್ತ.
ಆಮೇಲೆ ಅಂಗಡಿಗೆ ಎರಡು ಸಲ ಸುಣ್ಣ ಹೊಡೆಸಿದ್ದೇನೆ,
ಆ ಕೂಗು ಗೋಡೆಯಲ್ಲೇ ಇದೆ.

ಅವರಮ್ಮ ಜುಲೇಖಾ ಮೊನ್ನೆ ಕೇಳಿದರು:
'ಕಿವಿ ಮೇಲೆ ಹಾಗೇ ಬಿಟ್ಟಿದ್ದೀರಲ್ಲ, ಗುತ್ಯಣ್ಣ?'
ಅವನನ್ನೇ ಕೇಳಿ, ಅಂದೆ.
ಅವನು ಎರಡೂ ಕೈಯಿಂದ ಆ ಕೂದಲನ್ನು
ಕಿವಿಗೆ ಒತ್ತಿ ಹಿಡಿದ.

ಬಸ್ ಸ್ಟ್ಯಾಂಡಿನ ಹಾರನ್ನಿಗೆ ಅವನು ಇಟ್ಟುಕೊಂಡ ಬಾಗಿಲು ಅದು.
ಇರಲಿ.
ಕತ್ತಿನ ಹಿಂದಿನದು ಇನ್ನೂ ಬಾಕಿ,
ಬರುವ ಮಂಗಳವಾರ ನೋಡುವ, ಅವನು ಕತ್ತರಿ ವಾಪಸ್ ಕೊಟ್ಟರೆ.